ಡಬ್ಬದಲ್ಲಿ ಉಳಿದ ಐದು ಮಾತ್ರೆ

ನಮ್ಮನೆ ಅಡುಗೆಮನೆಯ ಶೆಲ್ಫಿನ ಮೇಲೆ ಒಂದು ಸ್ಟೀಲ್ ಡಬ್ಬ ಇತ್ತು. ಮೊದಲು ಅದರಲ್ಲಿ ಚಕ್ಕುಲಿ ಇರುತ್ತಿತ್ತು. ಬರಬರುತ್ತಾ ಅದು ಮಾತ್ರೆ ಡಬ್ಬವಾಯಿತು. ಜ್ವರದ್ದು, ಹೊಟ್ಟೆನೋವಿನದ್ದು, ತಿಂದು ಮಿಕ್ಕಿದ್ದೆಲ್ಲ ಅದರೊಳಗೆ. ‘ದುಡ್ಡು ಕೊಟ್ಟು ತಂದದ್ದು, ಬಿಸಾಡೋದು ಯಾಕೆ?’ ಎನ್ನುವುದು ನನ್ನ ವಾದ. ನಿಮ್ಮನೆಯಲ್ಲೂ ಇಂಥದ್ದೊಂದು ಡಬ್ಬ ಇದ್ದೀತು. ಅದಕ್ಕೇ ಈ ಕತೆ ಹೇಳುತ್ತಿದ್ದೇನೆ.

ನಮ್ಮವರು ಬಸ್ ಕಂಡಕ್ಟರ್. ಚಿತ್ರದುರ್ಗದಿಂದ ಬಳ್ಳಾರಿ ಕಡೆಯ ರೂಟು. ಬೇಸಿಗೆಯಲ್ಲಿ ಬಸ್ಸಿನೊಳಗೆ ಕಾದ ಕಾವಲಿಯ ಮೇಲೆ ನಿಂತ ಹಾಗೆ. ನೀರು ಕುಡಿದರೆ ದಾರಿಯಲ್ಲಿ ಇಳಿಯಬೇಕಾಗುತ್ತದಲ್ಲ ಎಂದು, ನಾನು ತುಂಬಿಸಿ ಕಳಿಸಿದ ಬಾಟಲಿ ಹಾಗೇ ವಾಪಸ್ ಬರುತ್ತಿತ್ತು. ಬಂದ ಮೂತ್ರವನ್ನೂ ತಡೆದುಕೊಳ್ಳುವುದೇ ಅಭ್ಯಾಸ. ನಲವತ್ತು ದಾಟುವಷ್ಟರಲ್ಲಿ ಮೂತ್ರಪಿಂಡದಲ್ಲಿ ಕಲ್ಲು ಕಾಣಿಸಿತು. ಡಾಕ್ಟರು, ‘ಚೆನ್ನಾಗಿ ನೀರು ಕುಡಿಯಿರಿ, ತಿಂಗಳು ಬಿಟ್ಟು ಬಂದು ತೋರಿಸಿ’ ಎಂದರು. ನೋವು ಹೋಯಿತು, ಇವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅತ್ತೆ ಬಾಳೆದಿಂಡಿನ ಪಲ್ಯ, ಹುರುಳಿಕಟ್ಟಿನ ಸಾರು ಶುರು ಮಾಡಿದರು.

ಕೆಲವು ತಿಂಗಳಲ್ಲಿ ಉರಿಮೂತ್ರ ಶುರುವಾಯಿತು. ಇವರು ನೇರ ಮೆಡಿಕಲ್ ಶಾಪಿಗೆ ಹೋಗಿ ಹತ್ತು ಮಾತ್ರೆಯ ಒಂದು ಸ್ಟ್ರಿಪ್ ತಂದರು. ಚೀಟಿ ಇಲ್ಲ, ಪರೀಕ್ಷೆ ಇಲ್ಲ. ಐದು ಮಾತ್ರೆ ತಿನ್ನುವಷ್ಟರಲ್ಲಿ ಉರಿ ನಿಂತಿತು. ಉಳಿದ ಐದು ನನ್ನ ಡಬ್ಬ ಸೇರಿದವು. ಮತ್ತೆ ಎರಡು ತಿಂಗಳಿಗೆ ಉರಿ. ‘ರೀ, ಹೋದ ಸಲದ್ದು ಇದೆಯಲ್ಲ’ ಎಂದು ನಾನೇ ತೆಗೆದುಕೊಟ್ಟೆ. ಈ ಸಲ ಪೂರ್ತಿ ವಾಸಿಯಾಗಲಿಲ್ಲ. ಅಂಗಡಿಯವನು ‘ಇದು ಸ್ವಲ್ಪ ಸ್ಟ್ರಾಂಗ್ ಇದೆ’ ಎಂದು ಬೇರೆಯದನ್ನು ಕೊಟ್ಟ. ಹೀಗೆ ಒಂದು ವರ್ಷದಲ್ಲಿ ನಾಲ್ಕು ಸಲ.

ಯುಗಾದಿ ಮುಗಿದ ವಾರ, ರಾತ್ರಿ ಎರಡು ಗಂಟೆಗೆ ಇವರು ಗಡಗಡ ನಡುಗತೊಡಗಿದರು. ಎರಡು ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಎಡಸೊಂಟದ ಮೇಲೆ ಕೈಯಿಡಲು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರೆ, ಕಲ್ಲು ಜಾರಿ ಮೂತ್ರನಾಳದಲ್ಲಿ ಸಿಕ್ಕಿಕೊಂಡಿತ್ತು. ಹಿಂದೆ ಕಟ್ಟಿ ನಿಂತ ಮೂತ್ರದಲ್ಲಿ ಸೋಂಕು. ‘ಕಲ್ಲು, ಜ್ವರ ಎರಡೂ ಒಟ್ಟಿಗೆ ಬಂದರೆ ಬೆಳಗಾಗುವವರೆಗೆ ಕಾಯಬಾರದಮ್ಮಾ. ಸೋಂಕು ರಕ್ತಕ್ಕೆ ಇಳಿದರೆ ಜೀವಕ್ಕೇ ಅಪಾಯ’ ಎಂದರು ಡಾಕ್ಟರು. ಮೂತ್ರ ಮತ್ತು ರಕ್ತವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿ, ಅದೇ ರಾತ್ರಿ ಮೂತ್ರನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿ, ಕಟ್ಟಿದ ಮೂತ್ರಕ್ಕೆ ದಾರಿ ಮಾಡಿದರು. ಇಂಜೆಕ್ಷನ್ನೂ ಶುರುವಾಯಿತು.

ಆದರೆ ಜ್ವರ ಜಗ್ಗಲಿಲ್ಲ. ಒಂದು ದಿನ, ಎರಡು ದಿನ. ಮೂರನೆಯ ದಿನ ಕಲ್ಚರ್ ರಿಪೋರ್ಟ್ ಬಂತು. ಔಷಧಿಗಳ ಉದ್ದನೆಯ ಪಟ್ಟಿ, ಪ್ರತಿಯೊಂದರ ಮುಂದೆ ‘ಎಸ್’ ಅಥವಾ ‘ಆರ್’ ಎಂಬ ಒಂದಕ್ಷರ. ಏಳನೇ ಕ್ಲಾಸಿನ ನನ್ನ ಮಗಳು ಓದುತ್ತಾ ಹೋದಳು: ‘ಅಮ್ಮಾ, ಆರ್, ಆರ್, ಆರ್... ಎಲ್ಲಾ ಆರೇ ಇದೆಯಲ್ಲ!’

‘ಎಸ್ ಅಂದ್ರೆ ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತೆ. ಆರ್ ಅಂದ್ರೆ ಬಗ್ಗಲ್ಲ ಪುಟ್ಟಿ’ ಎಂದರು ಡಾಕ್ಟರು. ಇವರೊಳಗೆ ಇದ್ದದ್ದು ಇ-ಕೋಲೈ, ನಮ್ಮೆಲ್ಲರ ಕರುಳಿನಲ್ಲೂ ಇರುವ ಬ್ಯಾಕ್ಟೀರಿಯಾ. ಅದು ಮೂತ್ರದ ದಾರಿ ಸೇರಿದರೆ ಸೋಂಕು. ಇವರದ್ದು ಪೆನ್ಸಿಲಿನ್ ಜಾತಿಯ ಔಷಧಿಗಳನ್ನೂ ಸೆಫಲೋಸ್ಪೋರಿನ್ ಜಾತಿಯ ಹೆಚ್ಚಿನವನ್ನೂ ಕತ್ತರಿಸಿ ಹಾಕುವ ಕಿಣ್ವ ತಯಾರಿಸುವಂಥದ್ದು. ಮೆಡಿಕಲ್ ಶಾಪಿನಿಂದ ತಂದು ತಿಂದ ಮಾತ್ರೆಗಳ ಹೆಸರೂ ‘ಆರ್’ ಸಾಲಿನಲ್ಲೇ ಇದ್ದವು. ಕೊನೆಗೆ ಮೆರೋಪೆನೆಮ್ ಎಂಬ ಇಂಜೆಕ್ಷನ್ ಶುರು ಮಾಡಿದರು. ಎಂಟು ಗಂಟೆಗೊಂದು ಸಲ, ಹತ್ತು ದಿನ. ಅದೂ ಬಗ್ಗದಿದ್ದರೆ? ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಎರಡನೆಯ ದಿನಕ್ಕೆ ಜ್ವರ ಇಳಿಯಿತು. ಆಗ ಡಬ್ಬದ ವಿಷಯ ಡಾಕ್ಟರ ಹತ್ತಿರ ಬಾಯಿಬಿಟ್ಟೆ.

‘ನಿಮ್ಮ ಆ ಐದು ಮಾತ್ರೆಯಿಂದಲೇ ಹೀಗಾಯ್ತು ಅಂತ ಹೇಳೋಕ್ಕಾಗಲ್ಲಮ್ಮ. ಇಂಥ ಬ್ಯಾಕ್ಟೀರಿಯಾ ಹೊರಗಿನಿಂದಲೂ ಬರಬಹುದು’ ಎಂದು ಸಮಾಧಾನ ಹೇಳಿ, ಕಲ್ಲಿದ್ದವರ ಕಷ್ಟ ಏನೆಂದು ವಿವರಿಸಿದರು. ಕಲ್ಲು ನುಣ್ಣನೆಯ ಗೋಲಿಯಲ್ಲ, ಅದರಲ್ಲಿ ಸಂದುಗೊಂದುಗಳಿವೆ. ಕೆರೆಯ ಕಲ್ಲಿಗೆ ಪಾಚಿ ಕಟ್ಟುವ ಹಾಗೆ ಬ್ಯಾಕ್ಟೀರಿಯಾ ಅಲ್ಲಿ ಲೋಳೆ ಹೊದ್ದು ಕೂರುತ್ತವೆ. ಔಷಧಿ ಹೊರಗಿದ್ದವನ್ನು ಕೊಲ್ಲುತ್ತದೆ, ಉರಿ ನಿಲ್ಲುತ್ತದೆ. ಸಂದಿನಲ್ಲಿದ್ದವು ಉಳಿದು ಮತ್ತೆ ಬೆಳೆಯುತ್ತವೆ. ಮತ್ತೆ ಮಾತ್ರೆ, ಮತ್ತೆ ಅದೇ. ಪ್ರತಿ ಸಲವೂ ಬದುಕುಳಿಯುವುದು ಔಷಧಿ ತಡೆದುಕೊಳ್ಳುವ ಗಟ್ಟಿ ಪಿಂಡಗಳೇ. ನಮ್ಮ ಕಡೆ ಒಂದೇ ಔಷಧಿ ಹೊಡೆದೂ ಹೊಡೆದೂ ಹತ್ತಿಯ ಕಾಯಿಕೊರಕ ಹುಳ ಜಗ್ಗದಾಯಿತಲ್ಲ, ಇದೂ ಅದೇ ಕತೆ. ಪ್ರೋಟಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಮೂತ್ರದಲ್ಲಿರುವ ಯೂರಿಯಾವನ್ನು ಒಡೆದು ತಾನೇ ಕಲ್ಲು ಬೆಳೆಸುತ್ತದಂತೆ!

ಮಗಳು ಆಸ್ಪತ್ರೆಯಲ್ಲೇ ಲೆಕ್ಕ ಹಾಕಿದಳು. ಎಲ್ಲ ಅನುಕೂಲ ಸಿಕ್ಕರೆ ಇ-ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗಿ ಎರಡಾಗುತ್ತದೆ. ರಾತ್ರಿ ಹತ್ತಕ್ಕೆ ಒಂದೇ ಒಂದು ಉಳಿದಿದ್ದರೂ ಬೆಳಗಿನ ಐದಕ್ಕೆ 20,97,152! ಮಕ್ಕಳೇ, ನೀವೂ 21 ಸಲ ದುಪ್ಪಟ್ಟು ಮಾಡಿ ನೋಡಿ.

ಈ ಎಚ್ಚರಿಕೆ ಹೊಸದೇನಲ್ಲ. 1928ರಲ್ಲಿ ಪೆನ್ಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್, 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗ ಮಾಡಿದ ಭಾಷಣದಲ್ಲೇ, ಸಾಲದಷ್ಟು ಔಷಧಿ ಕೊಟ್ಟರೆ ರೋಗಾಣುಗಳು ಅದಕ್ಕೆ ಒಗ್ಗಿಹೋಗುತ್ತವೆ ಎಂದು ಹೇಳಿದ್ದರು. ನಮ್ಮ ದೇಶದಲ್ಲಿ 2014ರಿಂದ ಹಲವು ಆ್ಯಂಟಿಬಯೋಟಿಕ್‌ಗಳು ‘ಶೆಡ್ಯೂಲ್ ಎಚ್-1’ ಪಟ್ಟಿಯಲ್ಲಿವೆ. ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ, ಅದು ವೈದ್ಯರ ಚೀಟಿಯಿಲ್ಲದೆ ತಿನ್ನಬಾರದ ಔಷಧಿ ಎಂದರ್ಥ. ಆ ಗೆರೆ ನನ್ನ ಡಬ್ಬದ ಸ್ಟ್ರಿಪ್ಪಿನಲ್ಲೂ ಇತ್ತು. ನಾನು ಅಂದಚೆಂದಕ್ಕೆ ಹಾಕಿದ್ದಾರೆಂದು ತಿಳಿದಿದ್ದೆ.

ನಾವು ಕಲಿತದ್ದನ್ನು ನಿಮಗೂ ಹೇಳಿಬಿಡುತ್ತೇನೆ.

* ಕಲ್ಲಿದ್ದವರಿಗೆ ಉರಿಮೂತ್ರ ಬಂದರೆ ಮಾತ್ರೆಗೆ ಮೊದಲು ಕಲ್ಚರ್ ಪರೀಕ್ಷೆ. ಮೊದಲು ಬರುವ ಮೂತ್ರ ಸ್ವಲ್ಪ ಬಿಟ್ಟು, ನಡುವಿನದನ್ನು ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲೇ ಹಿಡಿದು, ತಡಮಾಡದೆ ಕೊಡಬೇಕು. ವರದಿಗೆ ಎರಡು-ಮೂರು ದಿನ ಬೇಕು. ಅಲ್ಲಿಯವರೆಗೆ ಏನು ತಿನ್ನಬೇಕೆಂದು ಡಾಕ್ಟರು ಹೇಳುತ್ತಾರೆ.
* ಹಳೆಯ ವರದಿಗಳನ್ನು ಒಂದೇ ಫೈಲಿನಲ್ಲಿಟ್ಟು ಪ್ರತಿ ಸಲ ತೋರಿಸಿ.
* ಉರಿ, ಜ್ವರ ಏನೂ ಇಲ್ಲದೆ ವರದಿಯಲ್ಲಿ ಮಾತ್ರ ಬ್ಯಾಕ್ಟೀರಿಯಾ ಕಂಡರೆ ಎಲ್ಲರಿಗೂ ಔಷಧಿ ಬೇಕಿಲ್ಲ. ಗರ್ಭಿಣಿಯರಿಗೆ, ಕಲ್ಲಿನ ಆಪರೇಷನ್ ಆಗಬೇಕಾದವರಿಗೆ ಬೇಕಾಗುತ್ತದೆ.
* ಕಲ್ಲಿನ ಜೊತೆ ಚಳಿಜ್ವರ ಬಂದರೆ ಆ ಕ್ಷಣವೇ ಆಸ್ಪತ್ರೆ.
* ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು. ಹೃದಯದ ತೊಂದರೆ, ಕಿಡ್ನಿ ವೈಫಲ್ಯ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಕುಡಿಯಬೇಕು.

ಸೋಂಕು ಪೂರ್ತಿ ಹೋದಮೇಲೆ, ಕೆಲವು ವಾರ ಬಿಟ್ಟು ಲೇಸರ್‌ನಿಂದ ಕಲ್ಲನ್ನು ಪುಡಿ ಮಾಡಿ ತೆಗೆದರು. ಸ್ಟೆಂಟೂ ಹೊರಬಂತು. ಈಗ ಇವರ ಬಾಟಲಿ ಖಾಲಿಯಾಗಿಯೇ ಮನೆಗೆ ಬರುತ್ತದೆ. ಬಸ್ ನಿಲ್ದಾಣ ಬಂದಾಗಲೆಲ್ಲ ಇಳಿದು ಹೋಗಿ ಬರುತ್ತಾರೆ. ‘ಡ್ರೈವರಣ್ಣ ಎರಡು ನಿಮಿಷ ಕಾಯ್ತಾನೆ ಬಿಡೇ’ ಎನ್ನುತ್ತಾರೆ.

ಮೊನ್ನೆ ಅತ್ತೆ, ‘ಗಂಟಲು ಕೆರೀತಿದೆ, ಡಬ್ಬದಲ್ಲಿ ಏನಾದ್ರೂ ಇದೆಯೇನಮ್ಮ?’ ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಗಳು ಡಬ್ಬ ತಂದು ಮುಚ್ಚಳ ತೆಗೆದಳು. ‘ಇದೆ ಅಜ್ಜಿ, ಚಕ್ಕುಲಿ ಇದೆ. ಗಂಟಲಿಗೆ ಬಿಸಿನೀರು ಕುಡಿ!’