ಅಲೌಕಿಕ ಪ್ರಣಯ: ಕಥೆ ಒಲಿಯುವುದೆಲ್ಲಿ, ಸೋಲುವುದೆಲ್ಲಿ?

ನಾವೆಲ್ ಎಂಬ ಸಾಹಿತ್ಯಪ್ರಕಾರಕ್ಕೆ ಕನ್ನಡಿಗರು ಕೊಟ್ಟುಕೊಂಡ ಹೆಸರು ಒಂದು ಅಲೌಕಿಕ ಪ್ರಣಯಕಥೆಯ ನಾಯಿಕೆಯದು. 7ನೆಯ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣನು ತೊಡಗಿ, ಅವನ ಮಗನು ಮುಗಿಸಿದ ಗದ್ಯಕಾವ್ಯ ‘ಕಾದಂಬರಿ’. ಅದನ್ನು 10ನೆಯ ಶತಮಾನದ ಕೊನೆಯ ಭಾಗದಲ್ಲಿ ನಾಗವರ್ಮನು ಚಂಪುವಾಗಿ ಕನ್ನಡಕ್ಕೆ ತಂದನು. ಶಾಪಕ್ಕೆ ಸಿಕ್ಕಿ ಮನುಷ್ಯನಾಗಿ ಹುಟ್ಟುವ ಚಂದ್ರ, ಗಿಳಿಯಾಗುವ ಪ್ರಣಯಿ, ಉಸಿರು ಹೋದರೂ ಕೆಡದ ಶರೀರ, ಅದನ್ನು ಕಾಯುತ್ತ ಕುಳಿತ ಗಂಧರ್ವಕನ್ಯೆ ಎಲ್ಲವೂ ಅದರಲ್ಲಿವೆ. ಸ್ಟೆಫನಿ ಮೆಯರ್ ಅವರ ‘ಟ್ವೈಲೈಟ್’ 2005ರಲ್ಲಿ ಹೊರಬಂದ ಮೇಲೆ ಲೋಕದ ತರುಣ ವಾಚಕರು ಮುಗಿಬಿದ್ದು ಓದಿದ ‘ಪ್ಯಾರಾನಾರ್ಮಲ್ ರೊಮಾನ್ಸ್’ ಎಂಬ ಬಗೆಯು, ಆದುದರಿಂದ, ನಮಗೆ ಹೊಸ ನೆಂಟನಲ್ಲ. ವೇಷ ಬದಲಿಸಿ ಬಂದ ಹಳೆಯ ಬಳಗ.

ಶಿವಮೊಗ್ಗೆ, ಭದ್ರಾವತಿಗಳ ಓದುಗರಿಗೆ ಈ ಬಳಗದ ಪರಿಚಯ ಇನ್ನೂ ಹತ್ತಿರದ್ದು. ಬೆಂಕಿಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಾಗ ಅದಕ್ಕೆ ಉರುವಲಾದುದು ಮಲೆನಾಡಿನ ಕಾಡಿನ ಇದ್ದಿಲು. ದೆವ್ವ, ಚೌಡಿ, ಭೂತಗಳು ವಾಸಿಸುತ್ತಿದ್ದ ಮರಗಳೇ ಉರಿದು ಉಕ್ಕಿನ ಊರಿಗೆ ಬೆಳಕಾದವು. 1936ರಲ್ಲಿ ಅದೇ ಊರಿನಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಗಿ, ಕಾಡಿನ ಬಿದಿರು ಪುಟವಾಯಿತು. ಮರ ಹೋಯಿತು, ದೀಪ ಬಂದಿತು. ಕಥೆ ಮಾತ್ರ ಉಳಿಯಿತು. ವಿದ್ಯುತ್ ದೀಪದ ಕೆಳಗೆ ಕುಳಿತು ಪ್ರೇತದ ಪ್ರೇಮವನ್ನು ಓದುವವರು ಪ್ರೇತವನ್ನು ನಂಬಿ ಓದುವುದಿಲ್ಲ. ಹಾಗಿದ್ದರೂ ಕೆಲವು ಪುಸ್ತಕಗಳು ಅವರ ನಿದ್ದೆಗೆಡಿಸುತ್ತವೆ, ಕೆಲವು ಆಕಳಿಕೆ ತರಿಸುತ್ತವೆ. ಈ ಭೇದಕ್ಕೆ ಕಾರಣವೇನು?

ಮೊದಲನೆಯ ಕಾರಣ ನಿಯಮ. ಅದ್ಭುತವೆಂದರೆ ಏನು ಬೇಕಾದರೂ ಆಗಬಹುದು ಎಂದಲ್ಲ. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ, 1992ರಲ್ಲಿ ಗಿರೀಶ ಕಾರ್ನಾಡರ ‘ಚೆಲುವಿ’ ಚಿತ್ರಕ್ಕೆ ಮೂಲವಾದ ಕನ್ನಡ ಜನಪದ ಕಥೆಯನ್ನು ನೋಡಿ. ಬಡ ಹುಡುಗಿಯೊಬ್ಬಳು ಹೂವಿನ ಗಿಡವಾಗಬಲ್ಲಳು. ಒಂದು ಕೊಡ ನೀರು ಹೊಯ್ದರೆ ಗಿಡ. ಇನ್ನೊಂದು ಕೊಡ ಹೊಯ್ದರೆ ಮತ್ತೆ ಹುಡುಗಿ. ಹೂ ಕೀಳುವಾಗ ರೆಂಬೆಗೆ ನೋವಾಗಬಾರದು. ಇಷ್ಟೇ ಕಟ್ಟಳೆ, ಇದನ್ನು ಕೇಳಿದ ಕ್ಷಣದಲ್ಲಿಯೇ ನಮ್ಮ ಎದೆಯಲ್ಲಿ ಅಳುಕು ಹುಟ್ಟುತ್ತದೆ, ಯಾರೋ ರೆಂಬೆ ಮುರಿಯುವರೆಂದು ನಮಗೆ ಗೊತ್ತು. ಅವಳನ್ನು ಮದುವೆಯಾದ ರಾಜಕುಮಾರ ತನ್ನ ಸಂತೋಷಕ್ಕಾಗಿ ಅವಳನ್ನು ಗಿಡವಾಗಿಸುತ್ತಾನೆ. ನಾದಿನಿಗೆ ಗುಟ್ಟು ತಿಳಿಯುತ್ತದೆ. ನಾದಿನಿಯ ಗೆಳತಿಯರು ಕೊಂಬೆಗಳನ್ನು ಮುರಿಯುತ್ತಾರೆ. ಹುಡುಗಿ ಕೈಕಾಲಿಲ್ಲದ ಮುಂಡವಾಗಿ ಉಳಿಯುತ್ತಾಳೆ. ಅನಾಹುತವು ಹೊರಗಿನ ಮಾಟಗಾರನಿಂದ ಬರಲಿಲ್ಲ, ಪ್ರಣಯದ ಒಳಗಿನ ಆಸೆಯಿಂದಲೇ ಬಂದಿತು. ಪುರೂರವ ಊರ್ವಶಿಯರ ಕಥೆಯಲ್ಲಿಯೂ ಹೀಗೆಯೇ. ಅವನು ಬೆತ್ತಲೆಯಾಗಿ ಅವಳ ಕಣ್ಣಿಗೆ ಬೀಳಬಾರದೆಂಬ ಕರಾರು, ಒಂದು ಮಿಂಚಿನ ಬೆಳಕಿನಲ್ಲಿ ಮುರಿಯುತ್ತದೆ. ಸೋಲುವ ಕಥೆಗಳಲ್ಲಿ ಕರಾರೇ ಇರುವುದಿಲ್ಲ. ನಾಯಕನಿಗೆ ಇಕ್ಕಟ್ಟು ಬಂದಾಗಲೆಲ್ಲ ಹೊಸ ಶಕ್ತಿಯೊಂದು ಹುಟ್ಟಿಕೊಳ್ಳುತ್ತದೆ. ಮೊದಲ ಸಲ ಬೆರಗಾಗುವ ವಾಚಕನು ಮೂರನೆಯ ಸಲ ಪುಸ್ತಕವನ್ನು ಮಡಿಚಿಡುತ್ತಾನೆ.

ಎರಡನೆಯದು ಬೆಲೆ. ಮಹಾಶ್ವೇತೆಯು ಬರುವಷ್ಟರಲ್ಲಿ ವಿರಹದಿಂದ ಪುಂಡರೀಕನ ಪ್ರಾಣ ಹೋಗಿರುತ್ತದೆ. ಚಂದ್ರಮಂಡಲದಿಂದ ಇಳಿದ ದಿವ್ಯಪುರುಷನು ದೇಹವನ್ನು ಒಯ್ಯುತ್ತ, ಮತ್ತೆ ಸಮಾಗಮವಾಗುವುದೆಂದು ಹೇಳುತ್ತಾನೆ. 14ನೆಯ ಶತಮಾನದ ವಿಶ್ವನಾಥನು ತನ್ನ ‘ಸಾಹಿತ್ಯದರ್ಪಣ’ದಲ್ಲಿ ‘ಕರುಣವಿಪ್ರಲಂಭ’ ಎಂಬ ಭೇದಕ್ಕೆ ಉದಾಹರಿಸುವುದು ಈ ವೃತ್ತಾಂತವನ್ನೇ. ಸತ್ತವನು ಮರಳಿ ಬರುವನೆಂಬ ಆಸೆ ಇಲ್ಲದಿದ್ದರೆ ಅದು ಶೋಕ ಮಾತ್ರ. ಆಸೆಯ ಒಂದು ಎಳೆ ಇದ್ದರೆ ಶೋಕವು ಶೃಂಗಾರದ ಕಡೆಗೆ ತಿರುಗುತ್ತದೆ. ಅಲೌಕಿಕ ಪ್ರಣಯದ ಮರ್ಮವೆಲ್ಲ ಈ ಸೂಕ್ಷ್ಮದಲ್ಲಿ ಅಡಗಿದೆಯೆನ್ನಬಹುದು. ಆದರೆ ಬಾಣನ ಕಥೆ ಆಸೆಯನ್ನು ಅಗ್ಗವಾಗಿ ಕೊಡುವುದಿಲ್ಲ. ಬೇರೆ ಜನ್ಮದಲ್ಲಿ ಪುಂಡರೀಕನು ಎದುರು ಬಂದು ನಿಂತಾಗ ಮಹಾಶ್ವೇತೆ ಗುರುತಿಸದೆ ಅವನನ್ನೇ ಗಿಳಿಯಾಗೆಂದು ಶಪಿಸುತ್ತಾಳೆ. ಕಾದ ನಿಷ್ಠೆಯೇ ಕಾದವನನ್ನು ದೂರ ಮಾಡಿತು! ಸಾವು ಬಾಗಿಲು ತೆರೆದು ಮುಚ್ಚುವಷ್ಟು ಸುಲಭವಾದರೆ, ಮರಳಿ ಬಂದ ಪ್ರಿಯನಿಗೂ ಬಸ್ಸು ತಪ್ಪಿ ತಡವಾಗಿ ಬಂದ ಪ್ರಿಯನಿಗೂ ವ್ಯತ್ಯಾಸವೇನು?

ಮೂರನೆಯದು ವಿವರಣೆ. ಫಾಜಿಲ್ ಅವರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ 1993ರಲ್ಲಿ ತೆರೆಕಂಡಿತು. ಅದರಿಂದ ರೂಪುಗೊಂಡ ‘ಆಪ್ತಮಿತ್ರ’ 2004ರಲ್ಲಿ ಕನ್ನಡಕ್ಕೆ ಬಂದಿತು. ಪ್ರೇತವೆಂದು ತೋರಿದುದು ಒಬ್ಬ ಹೆಣ್ಣಿನ ಮನಸ್ಸಿನ ಬೇನೆ ಎಂದು ಅಲ್ಲಿ ತಿಳಿಯುತ್ತದೆ. ಅದ್ಭುತ ಕರಗಿದರೂ ಪ್ರೇಕ್ಷಕನಿಗೆ ಮೋಸವಾಯಿತೆನ್ನಿಸದು. ಏಕೆಂದರೆ ಹಿಂದೆ ನೊಂದ ನರ್ತಕಿಯ ದುಃಖವನ್ನು ಇಂದಿನವಳು ಹೊತ್ತಳೆಂಬ ಸತ್ಯ, ಪ್ರೇತದಷ್ಟೇ ದೊಡ್ಡದು. ಎಲ್ಲವೂ ಕನಸು, ಎಲ್ಲವೂ ಕಳ್ಳರ ಹೂಟ ಎಂದು ಕೊನೆಯ ಪುಟದಲ್ಲಿ ಕೈತೊಳೆದುಕೊಳ್ಳುವ ಕಥೆಗಾರನಾದರೋ, ಕೊಟ್ಟ ಊಟವನ್ನು ಎಲೆಯಿಂದಲೇ ಎಳೆದುಕೊಂಡಂತೆ.

ಇನ್ನು ನಾಲ್ಕನೆಯ ಮಾತು. ಇದು ಕಲೆಯದಷ್ಟೇ ಅಲ್ಲ, ಬಾಳಿನದೂ ಹೌದು. ಹದಿಹರೆಯದ ಓದುಗರ ಮಟ್ಟಿಗೆ ಇದೇ ಹೆಚ್ಚು ಮುಖ್ಯ. ನಾಯಿಕೆಗೆ ತಿಳಿಯದಂತೆ ಅವಳ ಕೋಣೆಗೆ ಬಂದು ನಿದ್ದೆಯಲ್ಲಿ ಅವಳನ್ನು ನೋಡುವ ನಾಯಕನನ್ನು ‘ಟ್ವೈಲೈಟ್’ ಪ್ರೇಮದ ಮೂರ್ತಿಯಂತೆ ಮುಂದಿಡುತ್ತದೆ. ಅವನು ಅಮರನಾದುದರಿಂದ ಇದು ಸಲ್ಲುವುದೇ? ಕಾರ್ನಾಡರ ‘ನಾಗಮಂಡಲ’ದ ನಾಗನೂ ವಂಚಕನೇ. ಗಂಡ ಅಪ್ಪಣ್ಣನ ರೂಪದಲ್ಲಿ ಇರುಳು ಬರುತ್ತಾನೆ, ಪ್ರಶ್ನಿಸಬೇಡವೆಂದು ರಾಣಿಗೆ ಹೇಳುತ್ತಾನೆ. ಆದರೆ ನಾಟಕಕಾರರು ಆ ವಂಚನೆಗೆ ಹೂಮಾಲೆ ಹಾಕಲಿಲ್ಲ. ಹಗಲಿನ ಕ್ರೌರ್ಯ, ಇರುಳಿನ ಒಲವು ಇವೆರಡರ ನಡುವೆ ಹೆಣ್ಣೊಬ್ಬಳು ಹೇಗೆ ಸೀಳಿಹೋಗುತ್ತಾಳೆಂದು ಕಾಣಿಸಿದರು. ತುಂಬಿದ ಪಂಚಾಯಿತಿಯ ಮುಂದೆ ಅವಳನ್ನು ನಿಲ್ಲಿಸಿ ಹಾವನ್ನು ಹಿಡಿಸಿದರು. ಅವಳ ಬಾಯಿಂದಲೇ ಸತ್ಯವನ್ನು ಹೇಳಿಸಿದರು. ಒಂದೇ ಮುಕ್ತಾಯ ಸಾಲದೆಂದು ಮತ್ತೊಂದನ್ನೂ ಇಟ್ಟರು. ವಂಚನೆ ಕಥೆಯಲ್ಲಿ ಇರಬಾರದೆಂದಲ್ಲ. ಅದಕ್ಕೆ ಯಾರು ತೆರುತ್ತಾರೆಂಬ ಲೆಕ್ಕವನ್ನು ಲೇಖಕ ಮರೆಯಬಾರದು. ಹೆಣ್ಣಿನ ಇಚ್ಛೆಯನ್ನು ಕೇಳದ ಪ್ರಣಯವು ಗಂಧರ್ವನದಾದರೂ ಬಲಾತ್ಕಾರವೇ.

ಇಷ್ಟರಲ್ಲಿ ಒಂದು ಅನುಮಾನ ಉಳಿಯುತ್ತದೆ: ಅದ್ಭುತವಿಲ್ಲದೆಯೇ ಈ ಫಲ ದೊರೆಯದೆ? ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಪ್ರಕಟವಾಯಿತು. ಒಲ್ಲದ ಮದುವೆಯಿಂದ ತಪ್ಪಿಸಿಕೊಂಡು ಚಿನ್ನಮ್ಮ ಇರುಳಿನ ಕಾಡುದಾರಿ ಹಿಡಿಯುವಲ್ಲಿ ದೆವ್ವ ಎದುರಾಗಬೇಕಾಗಿಲ್ಲ. ಕತ್ತಲೆ, ಕಾಡು, ಎಳೆಯ ಹೆಣ್ಣಿನ ಧೈರ್ಯ ಇವು ಸಾಕು. ಅವಳ ಅಂಜಿಕೆ ನಿಜ, ಅಂಜಿಕೆಯನ್ನು ಮೀರಿಸಿದ ಒಲವೂ ನಿಜ. ಅಲೌಕಿಕವನ್ನು ಬರೆಯಹೊರಡುವ ತರುಣರು ಮೊದಲು ಆ ಪುಟಗಳನ್ನು ಓದುವುದು ಒಳ್ಳೆಯದು. ದೆವ್ವವನ್ನು ತೆಗೆದುಹಾಕಿದ ಮೇಲೂ ಉಳಿಯುವಷ್ಟು ಪ್ರೀತಿ ಕಥೆಯಲ್ಲಿದ್ದರೆ, ಆಗ ದೆವ್ವವನ್ನು ಧಾರಾಳವಾಗಿ ಕರೆಯಬಹುದು. ಅದು ಬಂದು ಕೂರಲು ಜಾಗವಿರುತ್ತದೆ.