ಕಂಪೆನಿ ಕೈಬಿಟ್ಟಾಗ ತಂಡ ಯಾರದು?

ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಾಗಲಿ, 1936ರಲ್ಲಿ ಸ್ಥಾಪನೆಗೊಂಡ ಕಾಗದ ಕಾರ್ಖಾನೆಯಾಗಲಿ ಜನರಿಗೆ ಸಂಬಳವನ್ನಷ್ಟೇ ಕೊಡಲಿಲ್ಲ. ವಸತಿಗೃಹ, ಆಸ್ಪತ್ರೆ, ಶಾಲೆಗಳ ಜೊತೆಗೆ ಆಟದ ಬಯಲುಗಳನ್ನೂ ಕೊಟ್ಟವು. ಜಿ.ಆರ್. ವಿಶ್ವನಾಥ್ ಹುಟ್ಟಿದ್ದು ಈ ಊರಿನಲ್ಲೇ. ಇಂಥ ಊರಿನವರಿಗೆ, ಪಕ್ಕದ ಶಿವಮೊಗ್ಗದವರಿಗೂ, ಜಪಾನಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಕಥೆ ಪರಕೀಯವೆನಿಸಲಾರದು.

ಯೊಕೊಹಾಮಾ ಫ್ಲೂಗೆಲ್ಸ್ ಮೂಲತಃ ಆಲ್ ನಿಪ್ಪಾನ್ ಏರ್‌ವೇಸ್ ವಿಮಾನ ಸಂಸ್ಥೆಯ ತಂಡ. 1993ರಲ್ಲಿ ಜಪಾನಿನ ವೃತ್ತಿಪರ ಲೀಗ್ ಆರಂಭವಾದಾಗ ಅದರ ಹತ್ತು ಕ್ಲಬ್ಬುಗಳಲ್ಲಿ ಇದೂ ಒಂದು. ಕ್ಲಬ್ಬು ಕಂಪೆನಿಯ ಹೆಸರನ್ನು ಬಿಟ್ಟು ಊರಿನ ಹೆಸರನ್ನು ಧರಿಸಬೇಕೆಂಬುದು ಲೀಗಿನ ನೀತಿಯಾಗಿತ್ತು. ಉದಾತ್ತವಾದ ನೀತಿಯೇ. ಆದರೆ ಬದಲಾದದ್ದು ಹೆಸರು ಮಾತ್ರ. ಥೈಲಿ ಕಂಪೆನಿಯ ಕೈಯಲ್ಲೇ ಉಳಿಯಿತು. ಮೊದಲ ವರ್ಷದ ಎಂಪರರ್ಸ್ ಕಪ್, ಆ ಬಳಿಕ ಏಷ್ಯಾ ಮಟ್ಟದ ಪ್ರಶಸ್ತಿಗಳು, ಬ್ರೆಜಿಲ್‌ನ ಖ್ಯಾತ ಆಟಗಾರರು: ಏರುಗತಿಯ ದಿನಗಳು ಅವು. ಆರ್ಥಿಕ ಹಿಂಜರಿತ ಬಿಗಿಯಾದಾಗ ಸಹಪ್ರಾಯೋಜಕ ನಿರ್ಮಾಣ ಸಂಸ್ಥೆ ಸಾಟೊ ಕೊಗ್ಯೊ ಹಿಂದೆ ಸರಿಯಿತು. 1998ರ ಅಕ್ಟೋಬರ್ 29ರಂದು, ನಿಸ್ಸಾನ್ ಒಡೆತನದ ಎದುರಾಳಿ ಮ್ಯಾರಿನೋಸ್‌ನೊಡನೆ ವಿಲೀನದ ಸುದ್ದಿ ಹೊರಬಿತ್ತು. ಅಭಿಮಾನಿಗಳನ್ನು ಯಾರೂ ಕೇಳಿರಲಿಲ್ಲ.

ಆ ನಂತರ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. 1999ರ ಜನವರಿ 1ರಂದು ಟೋಕಿಯೋದಲ್ಲಿ ಶಿಮಿಜು ಎಸ್-ಪಲ್ಸ್ ತಂಡವನ್ನು 2-1ರಿಂದ ಮಣಿಸಿ ಎಂಪರರ್ಸ್ ಕಪ್ ಎತ್ತಿತು. ಅದೇ ಅದರ ಕೊನೆಯ ಪಂದ್ಯ. ವಿಲೀನವನ್ನು ಒಪ್ಪದ ಅಭಿಮಾನಿಗಳು ಯೊಕೊಹಾಮಾ ಎಫ್‌ಸಿ ಎಂಬ ಹೊಸ ಕ್ಲಬ್ಬನ್ನೇ ಕಟ್ಟಿ, ಕೆಳಗಿನ ಮೆಟ್ಟಿಲಿನಿಂದ ಆರಂಭಿಸಿ, 2007ರ ಋತುವಿನಲ್ಲಿ ಅಗ್ರಶ್ರೇಣಿಗೆ ತಲುಪಿಸಿದರು. (ಮುಂದೆ ಅದಕ್ಕೂ ಕಂಪೆನಿಯ ಹಣದಾಸರೆ ಬೇಕಾಯಿತೆನ್ನಿ.)

ನಮ್ಮಲ್ಲೂ ದಶಕಗಳ ಕಾಲ ಬೆಂಗಳೂರಿನ ಫುಟ್‌ಬಾಲ್ ಐಟಿಐ, ಎಚ್‌ಎಎಲ್‌ನಂತಹ ಸಾರ್ವಜನಿಕ ಉದ್ದಿಮೆಗಳ ನೆರಳಿನಲ್ಲಿ ಬೆಳೆಯಿತು. ಆಟಗಾರನಿಗೆ ನೌಕರಿ, ಸಂಜೆಗೆ ಮೈದಾನ. 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ರಾಜ್ಯ ಅದನ್ನು ಮತ್ತೆ ಗೆಲ್ಲಲು 2023ರವರೆಗೆ ಕಾಯಬೇಕಾಯಿತು. ಎಚ್‌ಎಎಲ್ ತಂಡ 2012ರಲ್ಲಿ ಐ-ಲೀಗ್‌ನಿಂದ ಕೆಳಗಿಳಿಯಿತು. ಮರುವರ್ಷ ಜೆಎಸ್‌ಡಬ್ಲ್ಯು ಬೆಂಗಳೂರು ಎಫ್‌ಸಿಯನ್ನು ಸ್ಥಾಪಿಸಿತು. ತಂಡ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಸರ್ಕಾರಿ ಉಕ್ಕು ಸೊರಗುತ್ತಿದ್ದ ಕಾಲದಲ್ಲಿ ಖಾಸಗಿ ಉಕ್ಕು ತಂಡ ಕಟ್ಟಿತು. ಸಂತೋಷವೇ. ಆದರೆ ಇಲ್ಲಿಯೂ ಊರು ಪ್ರೇಕ್ಷಕ, ಪಾಲುದಾರನಲ್ಲ.

ಭದ್ರಾವತಿಯ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಐಎಸ್‌ಎಲ್ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಬಂತು. ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಭಾಗಶಃ ಉತ್ಪಾದನೆ ಮರಳಿತು. ಇಂಥ ಕಡತಗಳಲ್ಲಿ ಯಂತ್ರ, ಸಾಲ, ನೌಕರರ ಬಾಕಿ ಎಲ್ಲಕ್ಕೂ ಅಂಕಣವಿರುತ್ತದೆ. ಮೈದಾನ ಮಾತ್ರ 'ಹೆಚ್ಚುವರಿ ಭೂಮಿ'ಯಾಗಿ ಕಾಣುತ್ತದೆ. ಕಾರ್ಖಾನೆಗಳ ಭವಿಷ್ಯ ಏನೇ ಆಗಲಿ, ಆಟದ ಬಯಲುಗಳನ್ನು ಈಗಲೇ ಅಳತೆ ಮಾಡಿಸಿ, ನಗರಸಭೆಯೂ ಚಂದಾದಾರ ಸದಸ್ಯರೂ ಸೇರಿದ ನೋಂದಾಯಿತ ಸಂಘಕ್ಕೆ ದೀರ್ಘಾವಧಿ ಗುತ್ತಿಗೆಗೆ ಕೊಡುವುದು ಸಾಧ್ಯ. ಯೊಕೊಹಾಮಾದ ಅಭಿಮಾನಿಗಳು ಸಂಘಟಿತರಾದದ್ದು ವಿಲೀನದ ಸುದ್ದಿ ಬಂದ ಮೇಲೆ. ಭದ್ರಾವತಿಗೆ ಇನ್ನೂ ಸ್ವಲ್ಪ ಸಮಯವಿದೆ.