ಗೆಲಾಕ್ಸಿಗಳ ಗಣನೆಯಲ್ಲಿ ಮಾಪನದೋಷ

ರಾಜಾಜಿನಗರ, ವಿಜಯನಗರಗಳ ಮಾಳಿಗೆಯ ಮೇಲೆ ನಿಂತವರಿಗೆ ಊರಿನ ದೀಪಗಳ ಬೆಳಕಿನಲ್ಲಿ ಮಂದನಕ್ಷತ್ರಗಳು ಮರೆಯಾಗುವುವು. ಕಾಣದುದನ್ನು ಎಣಿಸಲಾಗದೆಂಬುದು ಎಲ್ಲರೂ ಬಲ್ಲ ಮಾತು. ಕಂಡುದನ್ನು ಎಣಿಸುವಾಗಲೂ ಒದಗುವ ಸೂಕ್ಷ್ಮದೋಷವೊಂದನ್ನು ಇಲ್ಲಿ ವಿಚಾರಿಸುವೆವು.

ಗೆಲಾಕ್ಸಿಗಳೆಂದರೆ ನಮ್ಮ ಆಕಾಶಗಂಗೆಯಂತಹ ಮಹಾನಕ್ಷತ್ರಸಮೂಹಗಳು. ಅವುಗಳನ್ನು ಕಾಂತಿವರ್ಗಗಳಾಗಿ ಎಣಿಸುವರು. ವರ್ಗಸಂಖ್ಯೆ ಏರಿದಂತೆ ಕಾಂತಿ ಕಡಮೆ. ಯೂಕ್ಲಿಡನ ರೇಖಾಗಣಿತಕ್ಕೊಳಪಟ್ಟ ಆಕಾಶದಲ್ಲಿ ಅವು ಸಮವಾಗಿ ಹರಡಿದ್ದರೆ, ಪ್ರತಿ ಮಂದವರ್ಗದಲ್ಲಿಯೂ ಸಂಖ್ಯೆಯು ಹಿಂದಿನದರ ಸುಮಾರು 4 ಮಡಿಯಾಗಬೇಕು.

ಇಲ್ಲಿ ಪೂರ್ವಪಕ್ಷವಿದು: ಅಳತೆಯ ತಪ್ಪು ಎರಡು ಕಡೆಗೂ ಸಮವಾಗಿ ಆಗುವುದರಿಂದ ಒಂದನ್ನೊಂದು ಅಳಿಸಿಕೊಳ್ಳುವುದಲ್ಲವೆ? ಇಲ್ಲವೆಂಬುದೇ ಸಿದ್ಧಾಂತ. 17, 18, 19ನೆಯ ವರ್ಗಗಳಲ್ಲಿ ಕ್ರಮವಾಗಿ 100, 400, 1600 ಗೆಲಾಕ್ಸಿಗಳಿವೆಯೆಂದಿಟ್ಟುಕೊಳ್ಳೋಣ. ಪ್ರತಿ ವರ್ಗದಿಂದಲೂ ನೂರಕ್ಕೆ 10ರಂತೆ ಆಚೆಯ ವರ್ಗಕ್ಕೂ ಈಚೆಯ ವರ್ಗಕ್ಕೂ ತಪ್ಪಿ ಸೇರಲಿ. ಆಗ 18ನೆಯ ವರ್ಗವು 80ನ್ನು ಕಳೆದುಕೊಂಡು, 17ರಿಂದ 10ನ್ನೂ 19ರಿಂದ 160ನ್ನೂ ಪಡೆದು, 490 ಆಗುವುದು. ತಪ್ಪು ಸಮವಾದರೂ ನೆರೆಯ ಜನಸಂಖ್ಯೆ ಸಮವಲ್ಲವಾದುದರಿಂದ ಫಲವು ವಿಷಮವಾಯಿತು.

ಇದಕ್ಕೆ ತಿದ್ದುಪಡಿಯ ಸೂತ್ರವನ್ನು 1913ರಲ್ಲಿ ಎಡಿಂಗ್ಟನ್ ಪಂಡಿತರು ಕೊಟ್ಟರು. ಮೇಲಿನ 4 ಮಡಿಯ ನಿಯಮದಲ್ಲಿ ಸಾಮಾನ್ಯ ದೋಷವು 0.1 ವರ್ಗವಾದರೆ ಎಣಿಕೆಯು ನೂರಕ್ಕೆ 1ರಷ್ಟು, 0.3 ಆದರೆ ಸುಮಾರು 9ರಷ್ಟು, 0.5 ಆದರೆ ಸುಮಾರು 27ರಷ್ಟು ಹೆಚ್ಚುವುದು.

ಇದು ಬರಿಯ ಲೆಕ್ಕದ ಚಮತ್ಕಾರವಲ್ಲ. ವಿಶ್ವದ ಚರಿತ್ರೆಯನ್ನೇ ಇಂತಹ ಎಣಿಕೆಯಿಂದ ನಿರ್ಣಯಿಸಹೊರಟವರುಂಟು. 1955ರಲ್ಲಿ ಕೇಂಬ್ರಿಡ್ಜಿನ ರೈಲ್ ಮತ್ತು ಸಂಗಡಿಗರು 1936 ರೇಡಿಯೋಮೂಲಗಳನ್ನು ಪಟ್ಟಿಮಾಡಿ, ಮಂದಮೂಲಗಳು ಅತಿಯಾಗಿರುವುದರಿಂದ ಸ್ಥಿರವಿಶ್ವವಾದವು ನಿಲ್ಲದೆಂದರು. ಸಿಡ್ನಿಯ ಮಿಲ್ಸ್ ಮತ್ತು ಸ್ಲೀ 1957ರಲ್ಲಿ ತಮ್ಮ ಎಣಿಕೆಯೊಡನೆ ಅದನ್ನು ಹೋಲಿಸಿ ಒಪ್ಪದಾದರು. ಹಲವು ಮಂದಮೂಲಗಳು ಯಂತ್ರದ ಒಂದೇ ದೃಷ್ಟಿಯಲ್ಲಿ ಬೆರೆತು ಒಂದು ಪ್ರಬಲ ಮೂಲವಾಗಿ ತೋರಿದ್ದುವು. ಸ್ಥಿರವಿಶ್ವವಾದವು ಮುಂದೆ ಬೇರೆ ಪ್ರಮಾಣಗಳಿಂದ ಬಿದ್ದಿತು. ಆದರೂ ಅಂದಿನ ಹೇತುವು ದುಷ್ಟವೇ. ಸಾಧ್ಯವು ನಿಜವಾದ ಮಾತ್ರಕ್ಕೆ ಹೇತ್ವಾಭಾಸವು ಸದ್ಧೇತುವಾಗದು.

ನಮ್ಮ ನಾಡಿನ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಸೇರಿ ಕಟ್ಟಿದ 34.5 ಮೆಗಾಹರ್ಟ್ಸಿನ ದೂರದರ್ಶಕದ ಪೂರ್ವಪಶ್ಚಿಮ ಬಾಹುವು 1.4 ಕಿಲೋಮೀಟರು ಉದ್ದವಾದರೂ, ಅದರ ದೃಷ್ಟಿಯು ಹೆಚ್ಚುಕಡಮೆ ಚಂದ್ರಬಿಂಬದಷ್ಟು ಅಗಲ. ಅಂತಹ ಯಂತ್ರದಿಂದ ಮಂದಮೂಲಗಳನ್ನು ಎಣಿಸುವವನಿಗೂ ಇದೇ ಎಚ್ಚರಿಕೆ ಬೇಕು.

ಪರಿಹಾರವೇನೆಂದರೆ, ಒಂದೇ ವಸ್ತುವನ್ನು ಪುನಃಪುನಃ ಅಳೆದು ದೋಷದ ಪ್ರಮಾಣವನ್ನು ತಿಳಿಯುವುದು, ಕೃತಕಮೂಲಗಳನ್ನು ಚಿತ್ರದಲ್ಲಿ ಸೇರಿಸಿ ಎಣಿಕೆಯನ್ನೇ ಪರೀಕ್ಷಿಸುವುದು, ಸಂದಿಗ್ಧವಾದುವನ್ನು ಬಿಡುವುದು. ಪ್ರಮೇಯಕ್ಕಿಂತ ಮೊದಲು ಪ್ರಮಾಣವನ್ನು ಶೋಧಿಸಬೇಕೆಂಬ ನ್ಯಾಯವು ಆಕಾಶಕ್ಕೂ ಸಲ್ಲುವುದು.